ತಾಮ್ರದ ತಿರುಳು, ಬೆಳ್ಳಿಯ ಹೊದಿಕೆ: ಜೋಡಿ ಲೋಹದ ನ್ಯಾನೊಕಣವನ್ನು ಲ್ಯಾಪ್‌ಟಾಪ್‌ನಲ್ಲಿ ಕರಗಿಸಿ ನೋಡುವ ಬಗೆ

ಕುಮಟಾ ಪೇಟೆಯಲ್ಲಿ ನನಗೆ ಪರಿಚಯದ ಅಕ್ಕಸಾಲಿಯೊಬ್ಬರಿದ್ದಾರೆ. ಒಂದು ಸಂಜೆ ಅವರು ಬೆಳ್ಳಿ ಕಾಲ್ಗೆಜ್ಜೆಯ ಮುರಿದ ಕೊಂಡಿ ಬೆಸೆಯುತ್ತಿದ್ದರು. ಕೊಂಡಿಗೆ ಬಿಳಿಗಾರದ ನೀರು ಸವರಿದರು. ಅಕ್ಕಿಕಾಳಿಗಿಂತ ಚಿಕ್ಕದಾದ ಬೆಸುಗೆಯ ತುಣುಕನ್ನು ಚಿಮಟದಿಂದ ಅದರ ಮೇಲಿಟ್ಟು ಬೆಂಕಿ ಹಿಡಿದರು. ಬಿಳಿಗಾರ ಮೊದಲು ನೊರೆಯಂತೆ ಉಬ್ಬಿತು, ಆಮೇಲೆ ಗಾಜಿನಂತೆ ತೆಳ್ಳಗೆ ಹರಡಿತು. ತುಣುಕಿನ ಮೂಲೆಗಳು ಮಾಯವಾದವು. ಅದು ಗುಂಡಗಾಯಿತು, ಮರುಕ್ಷಣ ನೀರಿನ ಹಾಗೆ ಸಂದಿಗೆ ಇಳಿಯಿತು. ಗೆಜ್ಜೆಗೆ ಏನೂ ಆಗಲಿಲ್ಲ.

"ಬೆಳ್ಳಿಗೆ ತಾಮ್ರ ಸೇರಿದ್ರೆ ಬೇಗ ಕರಗ್ತದೆ ಮಾಸ್ತರೇ. ಒಂದೊಂದೇ ಇದ್ರೆ ಇಷ್ಟು ಬೇಗ ಇಲ್ಲ" ಎಂದರು.

ಅವರ ಮಾತು ಪೂರ್ತಿ ಸರಿ. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ಗೆ, ತಾಮ್ರ 1085ಕ್ಕೆ. ತೂಕದಲ್ಲಿ 72 ಪಾಲು ಬೆಳ್ಳಿ, 28 ಪಾಲು ತಾಮ್ರ ಸೇರಿಸಿದರೆ 779ಕ್ಕೇ ಕರಗುತ್ತದೆ. ಬೆಸುಗೆಗೆ ಸತುವನ್ನೂ ಹಾಕುವುದುಂಟು, ಆಗ ಇನ್ನೂ ಕೆಳಗಿಳಿಯುತ್ತದೆ.

ಈಗ ಅದೇ ಎರಡು ಲೋಹಗಳನ್ನು 4 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್) ಅಗಲದ ಒಂದು ಕಣದಲ್ಲಿ ಇಡೋಣ. ಒಳಗೆ ತಾಮ್ರ, ಹೊರಗೆ ಬೆಳ್ಳಿ. ಬಿಸಿ ಮಾಡಿದರೆ ಯಾವುದು ಮೊದಲು ಕರಗುತ್ತದೆ, ಎಷ್ಟು ತಾಪಮಾನಕ್ಕೆ, ಕರಗಿದ ಮೇಲೆ ಯಾರು ಎಲ್ಲಿಗೆ ಹೋಗುತ್ತಾರೆ? ಇದನ್ನು ಕಣ್ಣಾರೆ ನೋಡಲು ದೊಡ್ಡ ಪ್ರಯೋಗಾಲಯ ಬೇಡ. ಕಾರವಾರದಲ್ಲಿ ನಮ್ಮ ಎಂಎಸ್ಸಿ ಮಕ್ಕಳು ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಈ ಪ್ರಾಜೆಕ್ಟ್ ಮಾಡುತ್ತಾರೆ. ಅವರ ಜೊತೆ ಕೂತು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಬರುವುದು "ಸರ್, ಕರಗುವ ಬಿಂದು ಎಷ್ಟು ಬಂತು ನೋಡಿ" ಎಂದು ಒಂದು ಸಂಖ್ಯೆ ಹಿಡಿದುಕೊಂಡು. ಮೊದಲ ಓಟದಲ್ಲಿ (ಲೆಕ್ಕವನ್ನು ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸುವುದೇ ಓಟ) ಸಿಕ್ಕ ಆ ಸಂಖ್ಯೆಯನ್ನು ನಂಬಬೇಡಿ. ಇಷ್ಟು ಚಿಕ್ಕ ಕಣ ಒಂದೇ ತಾಪಮಾನಕ್ಕೆ ಒಮ್ಮೆಲೇ ಕರಗುವುದಿಲ್ಲ. ಹೊರಗಿನಿಂದ ಒಳಗೆ, ಹಂತ ಹಂತವಾಗಿ ಕರಗುತ್ತದೆ. ಆ ಹಾದಿಯನ್ನು ಹಿಡಿಯಬೇಕು. ಕೆಳಗಿನ ಬಹುತೇಕ ಹೆಜ್ಜೆಗಳು ಅದಕ್ಕಾಗಿಯೇ ಇವೆ.

ಈ ಜೋಡಿಯೇ ಯಾಕೆ

ಬೆಳ್ಳಿ ಪರಮಾಣು ತಾಮ್ರಕ್ಕಿಂತ ದೊಡ್ಡದು. ಹರಳಿನಲ್ಲಿ ತಾಮ್ರದ ಮನೆಯ, ಅಂದರೆ ಮತ್ತೆ ಮತ್ತೆ ಬರುವ ಜೋಡಣೆಯ ಒಂದು ಘಟಕದ, ಅಳತೆ 3.615 ಆಂಗ್‌ಸ್ಟ್ರಾಮ್ (ನ್ಯಾನೊಮೀಟರಿನ ಹತ್ತರಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್), ಬೆಳ್ಳಿಯದು 4.09. ಬೆಳ್ಳಿಯ ಮೇಲ್ಮೈ ಶಕ್ತಿಯೂ (ಹೊರಮೈ ಉಂಟಾಗಲು ತಗಲುವ ಶಕ್ತಿ) ಕಡಿಮೆ. ಈ ಎರಡೂ ಕಾರಣಕ್ಕೆ ಬೆಳ್ಳಿ ಹೊರಗಿರಲು ಇಷ್ಟಪಡುತ್ತದೆ, ತಾಮ್ರ ಒಳಗೆ. ಘನರೂಪದಲ್ಲಿ ಇಬ್ಬರೂ ಹೆಚ್ಚು ಬೆರೆಯುವುದಿಲ್ಲ. ದ್ರವವಾದರೆ ಚೆನ್ನಾಗಿ ಬೆರೆಯುತ್ತಾರೆ. ಹಾಗಾಗಿ ಕರಗುವುದು, ಬೆರೆಯುವುದು, ತಣಿಯುವಾಗ ಮತ್ತೆ ಬೇರೆಯಾಗುವುದು, ಮೂರೂ ಒಂದೇ ಕಣದಲ್ಲಿ ನೋಡಸಿಗುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಸಿಕ್ಕಿಲ್ಲ.

ಚಿಕ್ಕ ಕಣ ಬೇಗ ಕರಗುತ್ತದೆ ಎಂಬ ವಿಚಾರ ಹಳೆಯದು. 1909ರಲ್ಲೇ ಪಾವ್ಲೋವ್ ಎಂಬ ವಿಜ್ಞಾನಿ ಇದನ್ನು ಲೆಕ್ಕದಿಂದ ಹೇಳಿದ್ದರು (ನಾಯಿಗಳ ಪ್ರಯೋಗದ ಪಾವ್ಲೋವ್ ಬೇರೆ). 1954ರಲ್ಲಿ ತಕಾಗಿ ತೆಳು ಲೋಹದ ಪದರಗಳಲ್ಲಿ ಇದನ್ನು ಕಂಡರು. 1976ರಲ್ಲಿ ಬುಫಾ ಮತ್ತು ಬೊರೆಲ್ ಚಿನ್ನದ ಕಣಗಳನ್ನು ಅಳೆದು, ಎರಡು ಮೂರು ನ್ಯಾನೊಮೀಟರ್‌ನ ಚಿನ್ನ ಮಾಮೂಲಿ ಚಿನ್ನಕ್ಕಿಂತ ನೂರಾರು ಡಿಗ್ರಿ ಕೆಳಗೇ ಕರಗುತ್ತದೆ ಎಂದು ತೋರಿಸಿದರು. ಕಾರಣ ಸರಳ. ಮೇಲ್ಮೈಯಲ್ಲಿರುವ ಪರಮಾಣುವಿಗೆ ನೆರೆಹೊರೆ ಕಡಿಮೆ, ಹಿಡಿತವೂ ಕಡಿಮೆ. ನಮ್ಮ 4 ನ್ಯಾನೊಮೀಟರ್ ಕಣದಲ್ಲಿ ಸುಮಾರು ಮೂರರಲ್ಲಿ ಒಂದು ಪರಮಾಣು ಮೇಲ್ಮೈಯಲ್ಲೇ ಇರುತ್ತದೆ.

ಬೇಕಾಗುವ ಸಾಮಾನು

ಪರಮಾಣುಗಳು ಒಂದನ್ನೊಂದು ಎಳೆದು ತಳ್ಳಿ ಹೇಗೆ ಚಲಿಸುತ್ತವೆ ಎಂದು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಲ್ಯಾಂಪ್ಸ್ ಎಂಬ ತಂತ್ರಾಂಶ ಬೇಕು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಪುಕ್ಕಟೆ ಸಿಗುತ್ತದೆ. ಉಬುಂಟುವಿನಲ್ಲಿ ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ, ವಿಂಡೋಸ್‌ಗೂ ಇದೆ. ಪರಮಾಣುಗಳನ್ನು ತೆರೆಯ ಮೇಲೆ ನೋಡಲು ಓವಿಟೊ ಬೇಕು. ಅದರ ಬೇಸಿಕ್ ಆವೃತ್ತಿ ಸಾಕು. ಲೆಕ್ಕಕ್ಕೆ, ಗ್ರಾಫಿಗೆ ಪೈಥಾನ್. ನಾಲ್ಕು ಕೋರಿನ ಲ್ಯಾಪ್‌ಟಾಪ್ ಇದ್ದರೆ ಸಾಲುತ್ತದೆ. ಹೈದರಾಬಾದ್‌ನಲ್ಲಿ ಹುಟ್ಟಿದ ಅನೀಸುರ್ ರಹಮಾನ್ 1964ರಲ್ಲಿ 864 ಆರ್ಗಾನ್ ಪರಮಾಣುಗಳನ್ನಿಟ್ಟು ನಿಜವಾದ ಒಂದು ದ್ರವದ ಚಲನೆಯನ್ನು ಕಂಪ್ಯೂಟರಿನಲ್ಲಿ ಮೊದಲ ಬಾರಿ ತೋರಿಸಿದರು. ನೀವು ಮನೆಯಲ್ಲಿ ಕೂತು ಅದರ ಎರಡು ಪಟ್ಟಿಗಿಂತ ಜಾಸ್ತಿ ಓಡಿಸುತ್ತೀರಿ. ಮಕ್ಕಳಿಗೆ ಇದನ್ನು ಪ್ರತಿ ವರ್ಷ ಹೇಳುತ್ತೇನೆ.

ಲ್ಯಾಂಪ್ಸ್‌ನ ಆದೇಶಗಳ ಹೆಸರನ್ನು ನಾನಿಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಇನ್ನು ಪೊಟೆನ್ಶಿಯಲ್. ಯಾವ ಪರಮಾಣು ಯಾವುದನ್ನು ಎಷ್ಟು ಎಳೆಯುತ್ತದೆ, ಎಷ್ಟು ತಳ್ಳುತ್ತದೆ ಎಂಬುದರ ಪಟ್ಟಿ ಇದು. ಲೋಹಗಳಿಗೆ ಇಎಎಂ (ಎಂಬೆಡೆಡ್ ಆಟಮ್ ಮೆಥಡ್) ಎಂಬ ಬಗೆ ಸರಿಹೋಗುತ್ತದೆ. ಮರ್ರೆ ಡಾ ಮತ್ತು ಮೈಕೆಲ್ ಬಾಸ್ಕೆಸ್ 1984ರಲ್ಲಿ ಇದನ್ನು ವಿವರವಾಗಿ ಕೊಟ್ಟರು. ತಾಮ್ರ-ಬೆಳ್ಳಿಗೆ ವಿಲಿಯಮ್ಸ್, ಮಿಶಿನ್, ಹ್ಯಾಮಿಲ್ಟನ್ 2006ರಲ್ಲಿ ಮಾಡಿದ ಪೊಟೆನ್ಶಿಯಲ್ ಇದೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಪೊಟೆನ್ಶಿಯಲ್ ಭಂಡಾರದಿಂದ ಫೈಲನ್ನು ಇಳಿಸಿಕೊಳ್ಳಬಹುದು.

ಫೈಲ್ ಸಿಕ್ಕಿತೆಂದು ಕೂಡಲೇ ಕಣ ಕಟ್ಟಲು ಹೋಗಬೇಡಿ. ಮೊದಲು ಶುದ್ಧ ತಾಮ್ರದ ಚಿಕ್ಕ ಹರಳಿನ ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿ ಅಳತೆ ನೋಡಿ. 3.615ರ ಹತ್ತಿರ ಬರಬೇಕು. ಬೆಳ್ಳಿಗೂ ಹಾಗೇ ಮಾಡಿ, 4.09 ಬರಬೇಕು. ಬಾರದಿದ್ದರೆ ಫೈಲಿನಲ್ಲೋ ನಿಮ್ಮ ಬರಹದಲ್ಲೋ ತಪ್ಪಿದೆ. ಹತ್ತು ನಿಮಿಷದ ಈ ಕೆಲಸ ಎಷ್ಟೋ ವಾರ ಉಳಿಸುತ್ತದೆ. ಇನ್ನೊಂದು ವಿಷಯ. ಪೊಟೆನ್ಶಿಯಲ್‌ನ ತಾಮ್ರ ಪ್ರಯೋಗದ 1358 ಕೆಲ್ವಿನ್‌ಗೇ (ಮೇಲೆ ಹೇಳಿದ 1085 ಡಿಗ್ರಿ ಸೆಲ್ಸಿಯಸ್ ಇದೇ) ಕರಗಬೇಕೆಂದಿಲ್ಲ. ಪ್ರತಿ ಪೊಟೆನ್ಶಿಯಲ್‌ಗೂ ತನ್ನದೇ ಕರಗುವ ಬಿಂದು ಇರುತ್ತದೆ. ನಿಮ್ಮ ಕಣವನ್ನು ಅದರ ಜೊತೆ ಹೋಲಿಸಿ, ಪುಸ್ತಕದ ಸಂಖ್ಯೆಯ ಜೊತೆ ಅಲ್ಲ. ಅದನ್ನು ಕಂಡುಹಿಡಿಯಲು ಅರ್ಧ ಘನ, ಅರ್ಧ ದ್ರವ ಇರುವ ಪೆಟ್ಟಿಗೆ ಮಾಡಿ. ಯಾವ ತಾಪಮಾನದಲ್ಲಿ ಎರಡೂ ಹಾಗೇ ಉಳಿಯುತ್ತವೋ ಅದೇ ಬಿಂದು.

ಕಣ ಕಟ್ಟುವುದು

ಎಲ್ಲರೂ ಸುಲಭದ ದಾರಿ ಹಿಡಿಯುತ್ತಾರೆ. ತಾಮ್ರದ ಒಂದು ಗುಂಡು ಮಾಡಿ, ಹೊರಗಿನ ಪರಮಾಣುಗಳ ಹೆಸರನ್ನು ಸುಮ್ನೆ ಬೆಳ್ಳಿ ಎಂದು ಬದಲಿಸಿಬಿಡುತ್ತಾರೆ. ಚಿತ್ರದಲ್ಲಿ ಚೆಂದ ಕಾಣುತ್ತದೆ. ಆದರೆ ದೊಡ್ಡ ಬೆಳ್ಳಿ ಪರಮಾಣುಗಳನ್ನು ತಾಮ್ರದ ಚಿಕ್ಕ ಮನೆಗಳಲ್ಲಿ ತುರುಕಿದ ಹಾಗೆ ಅದು. ಅಳತೆಯಲ್ಲಿ ನೂರಕ್ಕೆ 12-13ರಷ್ಟು ವ್ಯತ್ಯಾಸ. ಓಟ ಶುರುವಾದ ಕೂಡಲೇ ಹೊದಿಕೆ ಸುಕ್ಕುಗಟ್ಟುತ್ತದೆ. ಮಕ್ಕಳು ಅದನ್ನೇ ಕರಗುವಿಕೆ ಎಂದು ತಿಳಿಯುತ್ತಾರೆ.

ಹಾಗೆ ಮಾಡದೆ ಎರಡನ್ನೂ ಬೇರೆ ಬೇರೆ ಕಟ್ಟಿ. ತಾಮ್ರದ ಜಾಲದಲ್ಲಿ 12 ಆಂಗ್‌ಸ್ಟ್ರಾಮ್ ತ್ರಿಜ್ಯದ ಗುಂಡು ಮಾಡಿ. ಸುಮಾರು 600 ಪರಮಾಣು ಬರುತ್ತವೆ. ಬೆಳ್ಳಿಯ ಜಾಲದಲ್ಲಿ ಒಳಗೆ 13.5, ಹೊರಗೆ 20 ಆಂಗ್‌ಸ್ಟ್ರಾಮ್ ಇರುವ ಟೊಳ್ಳು ಗುಂಡು ಮಾಡಿ. ಅದರಲ್ಲಿ ಸುಮಾರು 1350 ಇರುತ್ತವೆ. ಒಟ್ಟು 2000ದ ಆಸುಪಾಸು. ಎರಡನ್ನೂ ಒಂದೇ ಕೇಂದ್ರಕ್ಕೆ ಕೂರಿಸಿ. 2 ಆಂಗ್‌ಸ್ಟ್ರಾಮ್‌ಗಿಂತ ಹತ್ತಿರ ಬಂದ ಜೋಡಿಗಳಲ್ಲಿ ಒಂದನ್ನು ತೆಗೆದುಹಾಕಿ. ಡಿಲೀಟ್ ಆಟಮ್ಸ್ ಆದೇಶದ ಓವರ್‌ಲ್ಯಾಪ್ ಆಯ್ಕೆ ಇದಕ್ಕೇ ಇರುವುದು. ಶಕ್ತಿ ಕನಿಷ್ಠಕ್ಕೆ ಇಳಿಸಿ, 300 ಕೆಲ್ವಿನ್‌ನಿಂದ 600ಕ್ಕೆ ನಿಧಾನ ಏರಿಸಿ, ಮತ್ತೆ 300ಕ್ಕೆ ಇಳಿಸಿ. ಆಗ ಬೆಳ್ಳಿ ತಾಮ್ರದ ಮೇಲೆ ತಾನಾಗಿ ಕೂರುತ್ತದೆ. ಇದೇ ನಿಮ್ಮ ಆರಂಭದ ಕಣ. ಇದನ್ನು ಜೋಪಾನವಾಗಿ ಬೇರೆ ಫೋಲ್ಡರಿನಲ್ಲಿ ಇಡಿ.

ಕಣ ತೇಲುವ ಪೆಟ್ಟಿಗೆ ಪ್ರತಿ ಬದಿಗೆ 100 ಆಂಗ್‌ಸ್ಟ್ರಾಮ್ ಇರಲಿ. ತಂತ್ರಾಂಶ ಅದೇ ಪೆಟ್ಟಿಗೆಯನ್ನು ಸುತ್ತಲೂ ಮತ್ತೆ ಮತ್ತೆ ಜೋಡಿಸಿದಂತೆ ಲೆಕ್ಕ ಹಾಕುತ್ತದೆ. ಸುತ್ತಲೂ ಖಾಲಿ ಜಾಗ ಬೇಕು, ಇಲ್ಲದಿದ್ದರೆ ಕಣ ಪಕ್ಕದ ತನ್ನದೇ ಪ್ರತಿಬಿಂಬವನ್ನು ಮುಟ್ಟುತ್ತದೆ.

ಓಟಕ್ಕೆ ಮೊದಲು ಮೂರು ತಪ್ಪುಗಳು

ಹಗಲಿಡೀ ಕೂತು ಹುಡುಕಿಸಿದ ತಪ್ಪುಗಳಿವು.

ಮೊದಲನೆಯದು ಸಮಯದ ಹೆಜ್ಜೆ. ಲ್ಯಾಂಪ್ಸ್‌ನಲ್ಲಿ ಮೆಟಲ್ ಎಂಬ ಘಟಕಪದ್ಧತಿ ಇಟ್ಟರೆ ಸಮಯವನ್ನು ಪಿಕೊಸೆಕೆಂಡ್‌ನಲ್ಲಿ (ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಕೊಡಬೇಕು. ನಮಗೆ ಬೇಕಾದ್ದು 1 ಫೆಮ್ಟೊಸೆಕೆಂಡ್, ಅಂದರೆ 0.001. ಒಬ್ಬ ಹುಡುಗಿ 1 ಎಂದು ಬರೆದಿದ್ದಳು. ಹೆಜ್ಜೆ ಸಾವಿರ ಪಟ್ಟು ದೊಡ್ಡದಾಯಿತು. ಪರಮಾಣುಗಳು ಒಂದರ ಮೈಮೇಲೊಂದು ಬಿದ್ದು ಸಿಡಿದು ಹೋದವು. ತೆರೆಯ ಮೇಲೆ "ಲಾಸ್ಟ್ ಆಟಮ್ಸ್" ಎಂದು ಬಂತು. ಆ ಸಾಲು ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ಎರಡನೆಯದು ಒತ್ತಡ. ಹಳೆಯ ಫೈಲುಗಳಿಂದ ಕಾಪಿ ಮಾಡುವಾಗ ಫಿಕ್ಸ್ ಎನ್‌ಪಿಟಿ (ಒತ್ತಡವನ್ನೂ ಹಿಡಿದಿಡುವ ಆದೇಶ) ಬಂದುಬಿಡುತ್ತದೆ. ಖಾಲಿ ಜಾಗದಲ್ಲಿ ತೇಲುವ ಕಣಕ್ಕೆ ಒತ್ತಡ ಎಲ್ಲಿಂದ ಬರಬೇಕು? ತಂತ್ರಾಂಶ ಪೆಟ್ಟಿಗೆಯನ್ನು ಸುಮ್ನೆ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಕೊನೆಗೆ ಕಣ ತನ್ನ ಪ್ರತಿಬಿಂಬಕ್ಕೆ ಅಂಟಿಕೊಳ್ಳುತ್ತದೆ. ಇಲ್ಲಿ ಬೇಕಾದ್ದು ಫಿಕ್ಸ್ ಎನ್‌ವಿಟಿ, ಪೆಟ್ಟಿಗೆಯ ಗಾತ್ರ ಬದಲಿಸದೆ ತಾಪಮಾನವನ್ನಷ್ಟೇ ಹಿಡಿಯುವ ಆದೇಶ. ತಾಪಮಾನ ಹಿಡಿಯುವ ಕಾಲ 0.1 ಪಿಕೊಸೆಕೆಂಡ್ ಇಟ್ಟರೆ ಸಾಕು.

ಮೂರನೆಯದು ಕಣ ಗಿರಗಿರ ತಿರುಗುವುದು. ಕಣ ಒಟ್ಟಾಗಿ ತಿರುಗಿದರೂ ತೇಲಿದರೂ ಆ ಚಲನೆಯನ್ನು ಥರ್ಮೋಸ್ಟಾಟ್ ಬಿಸಿ ಎಂದು ಲೆಕ್ಕ ಹಾಕುತ್ತದೆ. ಒಳಗೆ ಪರಮಾಣುಗಳು ತಣ್ಣಗಿರುತ್ತವೆ, ತಾಪಮಾನ ಮಾತ್ರ ಜಾಸ್ತಿ ತೋರಿಸುತ್ತದೆ. ಶುರುವಿನ ವೇಗ ಕೊಡುವಾಗಲೇ ಒಟ್ಟು ಚಲನೆ, ಒಟ್ಟು ತಿರುಗುವಿಕೆ ಸೊನ್ನೆ ಮಾಡಿ. ಫಿಕ್ಸ್ ಮೊಮೆಂಟಮ್ ಹಾಕಿ ನೂರು ಹೆಜ್ಜೆಗೊಮ್ಮೆ ಮತ್ತೆ ಸೊನ್ನೆ ಮಾಡುತ್ತಿರಿ.

ಬಿಸಿ ಮಾಡುವುದು

ಇಲ್ಲಿ ತಾಳ್ಮೆ ಬೇಕು. ತಾಳ್ಮೆಗೆ ಕಾರಣವೂ ಗೊತ್ತಿರಬೇಕು.

300ರಿಂದ 1300 ಕೆಲ್ವಿನ್‌ವರೆಗೆ 10 ಲಕ್ಷ ಹೆಜ್ಜೆಗಳಲ್ಲಿ ಒಂದೇ ಏರು ಏರಿಸಿದಿರಿ ಅಂದುಕೊಳ್ಳಿ. 10 ಲಕ್ಷ ಫೆಮ್ಟೊಸೆಕೆಂಡ್ ಅಂದರೆ 1 ನ್ಯಾನೊಸೆಕೆಂಡ್. ಅಷ್ಟರಲ್ಲಿ ಸಾವಿರ ಡಿಗ್ರಿ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಡಿಗ್ರಿಯ ವೇಗ! ಕುಮಟಾದ ಆ ಅಂಗಡಿಯಲ್ಲಿ ಬೆಸುಗೆ ಕಾಯಲು ನಿಮಿಷವಾದರೂ ಬೇಕಲ್ವಾ? ಇಷ್ಟು ಅವಸರ ಮಾಡಿದರೆ ಕರಗುವ ಬಿಂದು ದಾಟಿದರೂ ಕಣಕ್ಕೆ ಕರಗಲು ಸಮಯ ಸಿಗುವುದಿಲ್ಲ. ಗ್ರಾಫಿನಲ್ಲಿ ಜಿಗಿತ ತಡವಾಗಿ ಕಾಣುತ್ತದೆ. ನೀವು ಅದನ್ನೇ ಕರಗುವ ಬಿಂದು ಎಂದು ಬರೆಯುತ್ತೀರಿ.

ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ. 300ರಿಂದ 700ರವರೆಗೆ 50 ಕೆಲ್ವಿನ್‌ನ ಮೆಟ್ಟಿಲು ಸಾಕು, ಅಲ್ಲಿ ಹೆಚ್ಚೇನೂ ಆಗುವುದಿಲ್ಲ. 700ರಿಂದ 1200ರವರೆಗೆ 20ರ ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ 200 ಪಿಕೊಸೆಕೆಂಡ್ ಕಣ ಹೊಂದಿಕೊಳ್ಳಲಿ, ಆಮೇಲಿನ 200ರಲ್ಲಿ ಸರಾಸರಿ ತೆಗೆಯಿರಿ. ಜಿಗಿತ ಎಲ್ಲಿದೆ ಎಂದು ಗೊತ್ತಾದ ಮೇಲೆ ಅದರ ಸುತ್ತ 5ರ ಮೆಟ್ಟಿಲಿಟ್ಟು ಇನ್ನೂ ಹೆಚ್ಚು ಹೊತ್ತು ಓಡಿಸಿ. ಮೊದಲ ಸುತ್ತು ನಾಲ್ಕು ಕೋರಿನ ಲ್ಯಾಪ್‌ಟಾಪ್‌ಗೆ ಒಂದು ರಾತ್ರಿಯ ಕೆಲಸ.

ರಾತ್ರಿ ಅಂದ ಕೂಡಲೇ ನಮ್ಮ ಜಿಲ್ಲೆಯ ಮಳೆಗಾಲ ನೆನಪಾಗುತ್ತದೆ. ಒಂದು ಜುಲೈನಲ್ಲಿ ನನ್ನ ಓಟ 900 ಕೆಲ್ವಿನ್ ತಲುಪಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು. ಕಾಳಿ ನದಿ ಕಡೆಯಿಂದ ಗಾಳಿ ಮಳೆ ಬಡಿದು ಕರೆಂಟ್ ಹೋಯಿತು, ಬೆಳಗಿನವರೆಗೂ ಬರಲಿಲ್ಲ. ಎರಡು ರಾತ್ರಿಯ ಲೆಕ್ಕ ಪೂರ್ತಿ ಹೋಯಿತು. ಅಂದಿನಿಂದ ಪ್ರತಿ ಫೈಲಿನಲ್ಲೂ ರೀಸ್ಟಾರ್ಟ್ ಆದೇಶ ಇರಲೇಬೇಕು ಎಂದು ಹಟ ಹಿಡಿದಿದ್ದೇನೆ. 1 ಲಕ್ಷ ಹೆಜ್ಜೆಗೊಮ್ಮೆ ಸ್ಥಿತಿ ಉಳಿಸಲು ಹೇಳಿ, ಎರಡು ಫೈಲ್ ಹೆಸರು ಕೊಡಿ. ಲ್ಯಾಂಪ್ಸ್ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಬರೆಯುತ್ತದೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಇನ್ನೊಂದು ಸರಿಯಾಗಿರುತ್ತದೆ. ಮೆಟ್ಟಿಲು ಪದ್ಧತಿಯ ಇನ್ನೊಂದು ಲಾಭ ಇಲ್ಲಿದೆ. ಒಂದೇ ಏರಿನಲ್ಲಿ ಬಿಸಿ ಮಾಡುವಾಗ ನಡುವೆ ನಿಂತರೆ, ಏರು ಎಲ್ಲಿಂದ ಮುಂದುವರಿಯಬೇಕು ಎಂದು ತಂತ್ರಾಂಶಕ್ಕೆ ಪ್ರತ್ಯೇಕ ಹೇಳಬೇಕು. ಮೆಟ್ಟಿಲಾದರೆ ನಿಂತ ಮೆಟ್ಟಿಲಿನಿಂದ ಮತ್ತೆ ಶುರು ಮಾಡಿದರಾಯಿತು.

ಕರಗಿತೋ ಇಲ್ಲವೋ ಹೇಗೆ ಹೇಳುವುದು

ಮೊದಲು ತಾಪಮಾನಕ್ಕೆ ಎದುರಾಗಿ ಪ್ರತಿ ಪರಮಾಣುವಿನ ಸ್ಥಿತಿಶಕ್ತಿಯ ಗ್ರಾಫ್ ಹಾಕಿ. ಘನ ಇರುವವರೆಗೆ ಗೆರೆ ನೇರ ಏರುತ್ತದೆ. ಕರಗುವಾಗ ಮೇಲಕ್ಕೆ ಜಿಗಿಯುತ್ತದೆ. ಆ ಜಿಗಿತದ ಎತ್ತರವೇ ಕರಗಲು ತಗುಲಿದ ಶಾಖ. ಜಿಗಿತಕ್ಕೆ ಮುಂಚೆ ಗೆರೆ ನಿಧಾನವಾಗಿ ಬಾಗಲು ಶುರುವಾಗುವ ಜಾಗವನ್ನು ಗಮನಿಸಿ. ಹೊರ ಪದರ ಸಡಿಲಾಗುತ್ತಿರುವ ಗುರುತು ಅದು. ಬಹಳ ಮಂದಿ ಜಿಗಿತವನ್ನು ನೋಡುತ್ತಾರೆ, ಬಾಗನ್ನು ಬಿಡುತ್ತಾರೆ.

ಎರಡನೆಯ ಅಳತೆ ಲಿಂಡೆಮನ್ ಸೂಚ್ಯಂಕ. 1910ರಲ್ಲಿ ಲಿಂಡೆಮನ್ ಕೊಟ್ಟ ವಿಚಾರದಿಂದ ಬಂದದ್ದು. ಪರಮಾಣುಗಳ ಪ್ರತಿ ಜೋಡಿಯ ನಡುವಿನ ದೂರ ಎಷ್ಟು ಅಲುಗುತ್ತದೆ ಎಂದು ನೋಡಿ, ಅದನ್ನು ಸರಾಸರಿ ದೂರದಿಂದ ಭಾಗಿಸಿ, ಎಲ್ಲ ಜೋಡಿಗಳ ಸರಾಸರಿ ತೆಗೆಯಬೇಕು. 0.1ರಿಂದ 0.15ರ ನಡುವೆ ದಾಟಿದರೆ ಕರಗಿದೆ ಎನ್ನುವುದು ರೂಢಿ. ಇದನ್ನು ಇಡೀ ಕಣಕ್ಕೆ ಒಂದೇ ಸಂಖ್ಯೆಯಾಗಿ ತೆಗೆಯಬೇಡಿ. ತಾಮ್ರದ ತಿರುಳಿಗೆ ಬೇರೆ, ಬೆಳ್ಳಿಯ ಹೊದಿಕೆಗೆ ಬೇರೆ ತೆಗೆದು ಎರಡು ಗೆರೆ ಹಾಕಿ. ಸಾಮಾನ್ಯವಾಗಿ ಬೆಳ್ಳಿಯ ಗೆರೆ ಮೊದಲು ಏಳುತ್ತದೆ, ತಾಮ್ರದ್ದು ಹಿಂದೆ ಬರುತ್ತದೆ. ಎರಡರ ನಡುವಿನ ಆ ಅಂತರವೇ ಈ ಪ್ರಾಜೆಕ್ಟಿನ ನಿಜವಾದ ಫಲಿತಾಂಶ. ಕಣ ತುಂಬಾ ಚಿಕ್ಕದಾದರೆ ಅಂತರ ಕಿರಿದಾಗಿ ಎರಡೂ ಒಟ್ಟಿಗೇ ಏಳಬಹುದು.

ಇದರಲ್ಲೊಂದು ಮೋಸವಿದೆ. ಕಣ ಇನ್ನೂ ಗಟ್ಟಿಯಾಗಿರುವಾಗಲೇ ಹೊರಗಿನ ಕೆಲವು ಪರಮಾಣುಗಳು ಮೇಲ್ಮೈಯಲ್ಲಿ ಅಲೆದಾಡುತ್ತವೆ. ಅಷ್ಟಕ್ಕೇ ಹೊದಿಕೆಯ ಸೂಚ್ಯಂಕ ಏರಿಬಿಡುತ್ತದೆ. ಹಾಗಾಗಿ ಓವಿಟೊದಲ್ಲಿ ರಚನೆಯನ್ನೂ ನೋಡಬೇಕು. ಪ್ರತಿ ಪರಮಾಣುವಿನ ನೆರೆಹೊರೆ ಹೇಗೆ ಜೋಡಿಸಿಕೊಂಡಿದೆ ಎಂದು ನೋಡಿ ಬಣ್ಣ ಕೊಡುವ ಕಾಮನ್ ನೇಬರ್ ಅನಾಲಿಸಿಸ್ ಹಾಕಿದರೆ ತಾಮ್ರ-ಬೆಳ್ಳಿಯ ಸಹಜ ಜೋಡಣೆ ಹಸಿರು, ಪದರ ತಪ್ಪಿದ ಜಾಗ ಕೆಂಪು, ಗುರುತು ಸಿಗದವು ಬಿಳಿಚು. ಹೊರ ಮೇಲ್ಮೈ ಯಾವಾಗಲೂ ಬಿಳಿಚು, ನೆರೆಹೊರೆ ಪೂರ್ತಿ ಇಲ್ಲವಲ್ಲ. ಅದನ್ನು ಕರಗಿದ್ದು ಎಂದುಕೊಳ್ಳಬೇಡಿ. ಹೆಚ್ಚು ತಾಪಮಾನದಲ್ಲಿ ಬರೇ ನಡುಕದಿಂದಲೇ ಹಸಿರು ಮಾಯವಾಗುವುದೂ ಇದೆ. ಆ ಕ್ಷಣದ ಚಿತ್ರವನ್ನು ತೆಗೆದು ಶಕ್ತಿ ಕನಿಷ್ಠಕ್ಕೆ ಇಳಿಸಿ, ಆಮೇಲೆ ಬಣ್ಣ ಹಾಕಿ. ನಡುಕ ಹೋಗಿ ಒಳಗಿನ ನಿಜರೂಪ ಕಾಣುತ್ತದೆ. ಇದಾದ ಮೇಲೂ ಹೊದಿಕೆಯ ಒಳಪದರ ಬಿಳಿಚಾಗಿ, ತಿರುಳು ಹಸಿರಾಗಿ ಉಳಿದಿದ್ದರೆ, ಹೊರಗೆ ಕರಗಿ ಒಳಗೆ ಗಟ್ಟಿಯಿರುವ ಕಣ ನಿಮ್ಮ ಕಣ್ಣೆದುರಿಗಿದೆ.

ಕೇಂದ್ರದಿಂದ ದೂರಕ್ಕೆ ತಕ್ಕಂತೆ ತಾಮ್ರ, ಬೆಳ್ಳಿ ಎಷ್ಟೆಷ್ಟಿವೆ ಎಂದೂ ಎಣಿಸಿ. ಘನದಲ್ಲಿ ಚೂಪಾದ ಶಿಖರಗಳು ಸಾಲಾಗಿರುತ್ತವೆ. ಕರಗಿದಂತೆ ಅವು ಮಟ್ಟವಾಗುತ್ತವೆ, ಗಡಿಯಲ್ಲಿ ತಾಮ್ರ ಬೆಳ್ಳಿಯೊಳಗೆ ಇಳಿಯುವುದು ಕಾಣುತ್ತದೆ. ಗಡಿಯ ಹತ್ತಿರ ಬೇಗ ಸಡಿಲಾದರೆ ಆಶ್ಚರ್ಯಪಡಬೇಡಿ. ಬೆಳ್ಳಿ, ತಾಮ್ರ ಸೇರಿದಲ್ಲಿ ಬೇಗ ಕರಗುತ್ತದೆ ಎಂಬ ಅಕ್ಕಸಾಲಿಯ ಮಾತು ಇಲ್ಲಿಯೂ ಕೆಲಸ ಮಾಡುತ್ತದೆ.

ತಣಿಸುವುದನ್ನು ಮರೆಯಬೇಡಿ

ಶಿರಸಿಯ ನಮ್ಮ ಮನೆಯಲ್ಲಿ ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಅದು ಕರಗುವುದು ಸುಮಾರು 24 ಡಿಗ್ರಿಗೆ. ಆದರೆ ಕರಗಿದ ಎಣ್ಣೆ 24ಕ್ಕೆ ಇಳಿದ ಕೂಡಲೇ ಹೆಪ್ಪುಗಟ್ಟುವುದಿಲ್ಲ. ಇನ್ನಷ್ಟು ತಣ್ಣಗಾಗಿ, ಎಲ್ಲೋ ಒಂದು ಬಿಳಿ ಚುಕ್ಕೆ ಹುಟ್ಟಿ, ಅಲ್ಲಿಂದ ಹರಡುತ್ತದೆ. ನಮ್ಮ ಕಣವೂ ಹೀಗೇ. ಅದೇ ಮೆಟ್ಟಿಲುಗಳಲ್ಲಿ ಕೆಳಗಿಳಿಸಿದರೆ, ಕರಗಿದ ತಾಪಮಾನಕ್ಕಿಂತ ನೂರಾರು ಕೆಲ್ವಿನ್ ಕೆಳಗೆ ಗಟ್ಟಿಯಾಗಬಹುದು. ಏರಿನ ಗೆರೆ, ಇಳಿತದ ಗೆರೆ ಬೇರೆಯಾಗಿ ನಡುವೆ ಒಂದು ಕುಣಿಕೆ ಮೂಡುತ್ತದೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ತೋರಿಸಿ. ನಿಜವಾದ ಬಿಂದು ಆ ಕುಣಿಕೆಯೊಳಗೆ ಇರುತ್ತದೆ. ಏರಿಕೆ ಇಳಿಕೆ ನಿಧಾನವಾದಷ್ಟೂ ಕುಣಿಕೆ ಕಿರಿದಾಗುತ್ತದೆ.

ತಣಿದ ಕಣವನ್ನು ಓವಿಟೊದಲ್ಲಿ ಅಡ್ಡ ಕೊಯ್ದು ನೋಡಿ. ನೀವು ಕಟ್ಟಿದ ಕಣ ಅದಾಗಿರುವುದಿಲ್ಲ. ಬೆಳ್ಳಿ ಮತ್ತೆ ಹೊರಗೆ ಬಂದಿರುತ್ತದೆ. ತಾಮ್ರ ಕೆಲವೊಮ್ಮೆ ನಡುವಿನಲ್ಲಿ, ಕೆಲವೊಮ್ಮೆ ಒಂದು ಬದಿಗೆ ಸರಿದು ಕೂತಿರುತ್ತದೆ. ಹಸಿರು ಕೆಂಪು ಪಟ್ಟೆಗಳು ಐದು ಬದಿಗೆ ಹರಡಿದ್ದೂ ಕಾಣಬಹುದು.

ಒಂದೇ ಓಟ ಸಾಲದು

ಶುರುವಿನ ವೇಗಗಳನ್ನು ಮನಬಂದಂತೆ ಹಂಚಲು ಕೊಡುವ ಬೀಜ ಸಂಖ್ಯೆಯನ್ನು ಬದಲಿಸಿ ಇಡೀ ಏರಿಕೆಯನ್ನು ಕನಿಷ್ಠ ಐದು ಸಲ ಮಾಡಿ. ಜಿಗಿತ ಪ್ರತಿ ಸಲ ಒಂದೇ ಮೆಟ್ಟಿಲಲ್ಲಿ ಬರುವುದಿಲ್ಲ. ಸರಾಸರಿಯನ್ನೂ ಹೆಚ್ಚು ಕಡಿಮೆಯನ್ನೂ ಎರಡೂ ಬರೆಯಿರಿ. ವರದಿಯಲ್ಲಿ "ಕರಗುವ ಬಿಂದು ಇಷ್ಟು" ಎಂಬ ಒಂದು ಸಾಲಿನ ಬದಲು, ಹೊದಿಕೆ ಯಾವ ಯಾವ ತಾಪಮಾನದ ನಡುವೆ ಸಡಿಲಾಯಿತು, ತಿರುಳು ಯಾವಾಗ, ಎಷ್ಟು ನಿಧಾನ ಏರಿಸಿದಾಗ ಎಂದು ಬರೆದರೆ, ಓದುವವರು ನಿಮ್ಮ ಕೆಲಸವನ್ನು ಪರೀಕ್ಷಿಸಬಹುದು.

ಸಮಯವಿದ್ದರೆ 3, 4, 5, 6 ನ್ಯಾನೊಮೀಟರ್‌ನ ಕಣಗಳನ್ನು ಮಾಡಿ. ತಿರುಳಿನ ಪಾಲು ಒಂದೇ ಇರಲಿ. ವ್ಯಾಸದಿಂದ 1ನ್ನು ಭಾಗಿಸಿ, ಅದಕ್ಕೆ ಎದುರಾಗಿ ಕರಗುವ ತಾಪಮಾನ ಗುರುತಿಸಿದರೆ ಬಿಂದುಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬರಬೇಕು. ತುಂಬಾ ಚಿಕ್ಕ ಕಣದಲ್ಲಿ ಗೆರೆ ತಪ್ಪುವುದು ಸಹಜ. ದೊಡ್ಡದರಲ್ಲಿ ತಪ್ಪಿದರೆ ಏರಿಕೆ ಅವಸರದ್ದಾಗಿದೆ ಎಂದು ಶಂಕಿಸಿ, ಇನ್ನೂ ನಿಧಾನ ಏರಿಸಿ ನೋಡಿ.

ಈ ಜೋಡಿ ಕೈಗೆ ಹತ್ತಿದ ಮೇಲೆ ತಾಮ್ರ-ನಿಕಲ್ ಹಿಡಿಯಿರಿ. ಅದರ ಪೊಟೆನ್ಶಿಯಲ್ ಫೈಲ್ ಲ್ಯಾಂಪ್ಸ್ ಜೊತೆಗೇ ಬರುತ್ತದೆ. ಇವೆರಡೂ ಘನದಲ್ಲೂ ಬೆರೆಯುವ ಲೋಹಗಳು, ಅಳತೆಯಲ್ಲೂ ಹತ್ತಿರ. ನಿಕಲ್ ಒಳಗಿಟ್ಟು, ತಾಮ್ರ ಹೊದಿಸಿ, ಇದೇ ಮೆಟ್ಟಿಲುಗಳಲ್ಲಿ ಏರಿಸಿ, ಬೆಳ್ಳಿಯ ಗ್ರಾಫಿನ ಪಕ್ಕದಲ್ಲಿಟ್ಟು ನೋಡಿ.